ಮೇಲ್ಮನವಿ ಹಿಂತೆಗೆತ ಮತ್ತು ಕಂಪನಿ ದಿವಾಳಿ ಪ್ರಕ್ರಿಯೆ

ಬಾಕಿ ವಸೂಲಿಗೆ ಕಂಪನಿಯ ಮೇಲೆ ಹೂಡಿದ ದಾವೆ ಮೇಲ್ಮನವಿಯ ಹಂತದಲ್ಲಿರುವಾಗಲೇ ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಗುವುದು ಈಗ ಅಪರೂಪವಲ್ಲ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಇಂಥ ಸಂದರ್ಭದಲ್ಲಿ ವಕೀಲರು ನ್ಯಾಯಾಲಯಕ್ಕೆ ಒಂದು ಮೆಮೊ ಸಲ್ಲಿಸುತ್ತಾರೆ. ದಿವಾಳಿ ಪ್ರಕ್ರಿಯೆಯಲ್ಲಿ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿ, ಮೇಲ್ಮನವಿಯನ್ನು ಹಿಂದಕ್ಕೆ ಪಡೆಯುತ್ತಾರೆ. ನ್ಯಾಯಾಲಯದ ಆದೇಶ ನಾಲ್ಕಾರು ಸಾಲು ಮೀರುವುದಿಲ್ಲ. ಆದರೆ ಅದರ ಹಿಂದೆ ಮೂರು ಪ್ರಶ್ನೆಗಳಿರುತ್ತವೆ. ಮೇಲ್ಮನವಿ ಹೋದರೆ ಕೆಳಗಿನ ಯಾವ ತೀರ್ಪು ಅಂತಿಮವಾಗುತ್ತದೆ? ಹೊಸದಾಗಿ ಹೋಗುವ ಕಡೆ ಆ ಪರಿಹಾರ ಕೊಡುವ ಅಧಿಕಾರ ಇದೆಯೇ? ಅಲ್ಲಿನ ಗಡುವು ಇನ್ನೂ ಉಳಿದಿದೆಯೇ? ಇವುಗಳಿಗೆ ಉತ್ತರ ಕಂಡುಕೊಳ್ಳದೆ ಕೊಟ್ಟ ಮೆಮೊ ಹತ್ತು ವರ್ಷದ ವ್ಯಾಜ್ಯವನ್ನು ಒಂದೇ ದಿನದಲ್ಲಿ ಬರಿದು ಮಾಡಬಲ್ಲದು.

ಯಾದಗಿರಿ, ಶಹಾಪುರ, ಸುರಪುರ ಕಡೆಯ ಕಕ್ಷಿದಾರರಿಗೆ ಈ ಪ್ರಶ್ನೆಗಳ ಜೊತೆಗೆ ದೂರದ ಪ್ರಶ್ನೆಯೂ ಸೇರುತ್ತದೆ. ಸಿವಿಲ್ ವ್ಯಾಜ್ಯ ತಾಲ್ಲೂಕು ನ್ಯಾಯಾಲಯದಿಂದ ಯಾದಗಿರಿಯ ಜಿಲ್ಲಾ ನ್ಯಾಯಾಲಯಕ್ಕೆ, ಅಲ್ಲಿಂದ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಏರುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಆ ಪೀಠ ಈ ಭಾಗದ ಜನರಿಗೆ ಬೆಂಗಳೂರಿನ ಪ್ರಯಾಣವನ್ನು ತಪ್ಪಿಸಿತು. ಕಂಪನಿ ದಿವಾಳಿಯಾದ ಕೂಡಲೇ ಆ ಅನುಕೂಲ ತಪ್ಪುತ್ತದೆ. ಸಂಹಿತೆಯ 60ನೇ ಕಲಮಿನ ಪ್ರಕಾರ ಪ್ರಕರಣ ನಡೆಯುವುದು ಕಂಪನಿಯ ನೋಂದಾಯಿತ ಕಚೇರಿ ಇರುವ ಕಡೆಯ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ). ಕಚೇರಿ ಕರ್ನಾಟಕದಲ್ಲಿದ್ದರೆ ಬೆಂಗಳೂರು, ತೆಲಂಗಾಣದಲ್ಲಿದ್ದರೆ ಹೈದರಾಬಾದ್, ಮಹಾರಾಷ್ಟ್ರದಲ್ಲಿದ್ದರೆ ಮುಂಬೈ. ಬೆಂಗಳೂರು ಪೀಠದ ಆದೇಶದ ಮೇಲೆ ಮೇಲ್ಮನವಿ ಹೋಗುವುದು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ದೆಹಲಿಯ ಸುಪ್ರೀಂ ಕೋರ್ಟಿಗೆ. ಬಾಕಿ ಹುಟ್ಟಿದ ಊರು ಯಾವುದು ಎಂಬುದನ್ನು ಈ ವ್ಯವಸ್ಥೆ ಕೇಳುವುದೇ ಇಲ್ಲ.

ಈ ಭಾಗದ ಹತ್ತಿ ಜಿನ್ನಿಂಗ್ ಕಾರ್ಖಾನೆ, ದಾಲ್ ಮಿಲ್, ಅಕ್ಕಿ ಗಿರಣಿ, ಅಡತಿ ಅಂಗಡಿಗಳು ಹೆಚ್ಚಾಗಿ ಒಬ್ಬರ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ನಡೆಯುವಂಥವು. ಸಂಹಿತೆಯ ಎರಡನೆಯ ಭಾಗ ಕಂಪನಿಗಳಿಗೆ ಮತ್ತು ಸೀಮಿತ ಹೊಣೆಯ ಪಾಲುದಾರಿಕೆಗಳಿಗೆ ಮಾತ್ರ ಅನ್ವಯಿಸುತ್ತದೆ. ವ್ಯಕ್ತಿಗಳಿಗೂ ಸಾಮಾನ್ಯ ಪಾಲುದಾರಿಕೆಗಳಿಗೂ ಮೀಸಲಾದ ಮೂರನೆಯ ಭಾಗ, ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗಷ್ಟೇ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಹಾಗಾಗಿ ಶಹಾಪುರದ ಗಿರಣಿ ಮಾಲೀಕ ಎನ್‌ಸಿಎಲ್‌ಟಿಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ದಿವಾಳಿಯಾದವನಾಗಿ ಅಲ್ಲ; ಹತ್ತಿ ಬೇಲು ಕೊಂಡು ಹಣ ಕೊಡದ ದೂರದ ಜವಳಿ ಕಂಪನಿಯಿಂದ ಬಾಕಿ ಬರಬೇಕಾದವನಾಗಿ. ಕೃಷ್ಣಾ ಮೇಲ್ದಂಡೆ ಕಾಲುವೆಯ ಕಾಮಗಾರಿಯಲ್ಲಿ ದೊಡ್ಡ ಗುತ್ತಿಗೆ ಕಂಪನಿಯ ಕೈಕೆಳಗೆ ಕೆಲಸ ಮಾಡಿದ ಉಪಗುತ್ತಿಗೆದಾರ, ಸಕ್ಕರೆ ಕಂಪನಿಗೆ ಕಬ್ಬು ಹಾಕಿದ ರೈತ, ಕಡೇಚೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯ ಕಾರ್ಮಿಕ ಇವರೆಲ್ಲ ಇದೇ ಸಾಲಿನಲ್ಲಿ ನಿಲ್ಲುವವರು. ಸಂಹಿತೆ ಇವರಲ್ಲಿ ಹೆಚ್ಚಿನವರನ್ನು 'ವ್ಯವಹಾರ ಸಾಲದಾತರು' ಎಂದು ಗುರುತಿಸುತ್ತದೆ. ಸಾಲ ಕೊಟ್ಟ ಬ್ಯಾಂಕುಗಳು 'ಹಣಕಾಸು ಸಾಲದಾತರು'. ಕಂಪನಿಯ ಭವಿಷ್ಯ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಮತ ಹಾಕುವವರು ಸಾಮಾನ್ಯವಾಗಿ ಎರಡನೆಯ ಗುಂಪಿನವರು ಮಾತ್ರ.

ದಿವಾಳಿ ಅರ್ಜಿ ಅಂಗೀಕಾರವಾದ ದಿನವೇ 14ನೇ ಕಲಮಿನ ಮೊರಟೋರಿಯಂ ಜಾರಿಗೆ ಬರುತ್ತದೆ. ಕಂಪನಿಯ ವಿರುದ್ಧ ಹೊಸ ದಾವೆ ಹೂಡುವಂತಿಲ್ಲ, ಇರುವ ದಾವೆ ಮುಂದುವರಿಯುವಂತಿಲ್ಲ, ಡಿಕ್ರಿಯ ಅಮಲ್ಜಾರಿ ನಡೆಯುವಂತಿಲ್ಲ. ಮೇಲ್ಮನವಿ ಮೂಲ ದಾವೆಯ ಮುಂದುವರಿಕೆಯೇ ಆದ್ದರಿಂದ ಅದೂ ನಿಲ್ಲುತ್ತದೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕೆಂಬ 1966ರ ಕಬ್ಬು ನಿಯಂತ್ರಣ ಆದೇಶದಡಿ ಕಂದಾಯ ಬಾಕಿಯಂತೆ ನಡೆಸುವ ವಸೂಲಿಗೂ ಇದೇ ತಡೆ. ಮೊರಟೋರಿಯಂ ಜಾರಿಯಲ್ಲಿರುವಾಗ ಕಂಪನಿಯ ವಿರುದ್ಧ ಆರಂಭಿಸಿದ ಮಧ್ಯಸ್ಥಿಕೆಗೆ ಕಾನೂನಿನ ಕಣ್ಣಲ್ಲಿ ಅಸ್ತಿತ್ವವೇ ಇಲ್ಲವೆಂದು ಸುಪ್ರೀಂ ಕೋರ್ಟ್ 2017ರ ಹೋಟೆಲ್ ಗೌಡವನ್ ಪ್ರಕರಣದಲ್ಲಿ ಹೇಳಿತು. ಕಂಪನಿಯೇ ಹಣ ವಸೂಲಿಗೆ ಹೂಡಿದ ದಾವೆಗೆ ಮಾತ್ರ ತಡೆಯಿಲ್ಲ. ಅದನ್ನು 25ನೇ ಕಲಮಿನಡಿ ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್, ವಕೀಲರ ಮಾತಿನಲ್ಲಿ ಆರ್‌ಪಿ, ಕಂಪನಿಯ ಪರವಾಗಿ ನಡೆಸುತ್ತಾರೆ; ಬೇಕೆಂದರೆ ಹಿಂದಕ್ಕೂ ಪಡೆಯುತ್ತಾರೆ.

ಹೀಗೆ ಹಿಂದಕ್ಕೆ ಪಡೆದು ಎನ್‌ಸಿಎಲ್‌ಟಿಯ ಕಡೆ ತಿರುಗಿದ್ದರ ಫಲ ಏನಾಯಿತು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಅಲ್ಲಿ ಹಿಂದಕ್ಕೆ ಹೋದದ್ದು ಮೇಲ್ಮನವಿಯಲ್ಲ, ರಿಟ್ ಅರ್ಜಿ; ಆದರೆ ತತ್ವ ಎರಡಕ್ಕೂ ಒಂದೇ. ಟಿಫಿನ್ಸ್ ಬೆರೈಟೀಸ್ ಆಸ್‌ಬೆಸ್ಟಾಸ್ ಅಂಡ್ ಪೇಂಟ್ಸ್ ಎಂಬ ಕಂಪನಿಗೆ ಕರ್ನಾಟಕ ಸರ್ಕಾರ ಕೊಟ್ಟಿದ್ದ ಗಣಿ ಗುತ್ತಿಗೆ 2018ರ ಮೇ 25ಕ್ಕೆ ಮುಗಿಯುವುದಿತ್ತು. ಷರತ್ತು ಉಲ್ಲಂಘನೆಯ ಆರೋಪದ ಮೇಲೆ ಗುತ್ತಿಗೆಯನ್ನು ಅವಧಿಗೆ ಮೊದಲೇ ರದ್ದುಪಡಿಸುವ ನೋಟಿಸ್ 2017ರ ಆಗಸ್ಟ್‌ನಲ್ಲೇ ಹೋಗಿತ್ತು. 2018ರ ಮಾರ್ಚ್ 12ರಂದು ಚೆನ್ನೈ ಎನ್‌ಸಿಎಲ್‌ಟಿ ಕಂಪನಿಯ ವಿರುದ್ಧದ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ಗಣಿ ಕಾಯ್ದೆಯ 8ಎ ಕಲಮಿನ ಪ್ರಕಾರ ಗುತ್ತಿಗೆ 2020ರ ಮಾರ್ಚ್ 31ರವರೆಗೆ ತಾನಾಗಿ ವಿಸ್ತರಣೆಯಾಗಿದೆ ಎಂದು ಘೋಷಿಸಬೇಕೆಂದು ಆರ್‌ಪಿ ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಅರ್ಜಿ ಬಾಕಿಯಿರುವಾಗಲೇ, ಸೆಪ್ಟೆಂಬರ್ 26ರಂದು, ಸರ್ಕಾರ ವಿಸ್ತರಣೆಯನ್ನು ನಿರಾಕರಿಸಿ ಆದೇಶ ಹೊರಡಿಸಿತು. ಎರಡೇ ದಿನದಲ್ಲಿ ಆರ್‌ಪಿ ರಿಟ್ ಅರ್ಜಿಯನ್ನು ಹಿಂದಕ್ಕೆ ಪಡೆದರು. ಹೊಸ ರಿಟ್ ಅರ್ಜಿ ಹಾಕುವ ಅವಕಾಶವನ್ನು ಹೈಕೋರ್ಟ್ ಕಾಯ್ದಿರಿಸಿತ್ತು.

ಹೊಸ ರಿಟ್ ಬರಲಿಲ್ಲ. ಅದರ ಬದಲು ಸರ್ಕಾರದ ಆದೇಶವನ್ನು ರದ್ದುಪಡಿಸಬೇಕೆಂಬ ಅರ್ಜಿ ಚೆನ್ನೈ ಎನ್‌ಸಿಎಲ್‌ಟಿಗೆ ಹೋಯಿತು. ಡಿಸೆಂಬರ್ 11ರಂದು ಮಂಡಳಿ ಅದನ್ನು ಮಾನ್ಯ ಮಾಡಿತು. ಸರ್ಕಾರ ಹೈಕೋರ್ಟಿಗೆ ಹೋಗಿ ಆ ಆದೇಶವನ್ನು ತೆಗೆಸಿತು. ವಿಚಾರಣೆ ಮತ್ತೆ ಮಂಡಳಿಗೆ ಮರಳಿತು. 2019ರ ಮೇ 3ರಂದು ಮಂಡಳಿ ಎರಡನೆಯ ಬಾರಿಗೂ ಕಂಪನಿಯ ಪರವಾಗಿಯೇ ಆದೇಶಿಸಿ, ಪೂರಕ ಗುತ್ತಿಗೆ ಪತ್ರ ಬರೆದುಕೊಡುವಂತೆ ಸರ್ಕಾರಕ್ಕೆ ಸೂಚಿಸಿತು. ಸೆಪ್ಟೆಂಬರ್ 12ರಂದು ಹೈಕೋರ್ಟಿನ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಆ ತಡೆಯ ವಿರುದ್ಧ, ಕಂಪನಿಯ ಖರೀದಿಗೆ ಮುಂದೆ ಬಂದಿದ್ದ ಎಂಬೆಸಿ ಪ್ರಾಪರ್ಟಿ ಡೆವಲಪ್‌ಮೆಂಟ್ಸ್, ಆರ್‌ಪಿ ಮತ್ತು ಸಾಲದಾತರ ಸಮಿತಿ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ರೋಹಿಂಟನ್ ನಾರಿಮನ್, ಅನಿರುದ್ಧ ಬೋಸ್ ಮತ್ತು ವಿ. ರಾಮಸುಬ್ರಮಣಿಯನ್ ಅವರ ಪೀಠ 2019ರ ಡಿಸೆಂಬರ್ 3ರಂದು ಮೇಲ್ಮನವಿಗಳನ್ನು ವಜಾ ಮಾಡಿತು.

ತೀರ್ಪಿನ ತರ್ಕ ಗಮನಿಸಬೇಕಾದದ್ದು. ಗಣಿ ಗುತ್ತಿಗೆ ಎರಡು ಖಾಸಗಿ ಕಕ್ಷಿಗಳ ಕರಾರಲ್ಲ. ಕಾನೂನಿನ ಅಡಿಯಲ್ಲಿ ಸರ್ಕಾರ ಸಾರ್ವಜನಿಕ ಅಧಿಕಾರ ಚಲಾಯಿಸಿ ತೆಗೆದುಕೊಳ್ಳುವ ತೀರ್ಮಾನ. ಅದರ ನ್ಯಾಯಾನ್ಯಾಯ ನೋಡುವುದು ಹೈಕೋರ್ಟಿನ ಕೆಲಸ. ದಿವಾಳಿಗೆ 'ಸಂಬಂಧಿಸಿದ' ಎಲ್ಲ ಪ್ರಶ್ನೆಗಳನ್ನೂ ಎನ್‌ಸಿಎಲ್‌ಟಿ ತೀರ್ಮಾನಿಸಬಹುದೆಂಬ 60(5)ನೇ ಕಲಮನ್ನು ಅಲ್ಲಿಯವರೆಗೆ ಎಳೆಯಲಾಗದು. ಹಾಗೆ ಎಳೆದರೆ ಆದಾಯ ತೆರಿಗೆ ಆದೇಶವನ್ನೂ ತೆರಿಗೆ ಮೇಲ್ಮನವಿಯ ಕ್ರಮ ಬಿಟ್ಟು ಎನ್‌ಸಿಎಲ್‌ಟಿಯಲ್ಲೇ ಪ್ರಶ್ನಿಸುವ ಅಡ್ಡದಾರಿ ತೆರೆದಂತಾಗುತ್ತದೆ ಎಂದು ಪೀಠ ಎಚ್ಚರಿಸಿತು. ಮೊರಟೋರಿಯಂ ಇರುವುದರಿಂದ ಕಂಪನಿಯನ್ನು ಒಕ್ಕಲೆಬ್ಬಿಸಲಾಗದು ಎನ್ನುವುದು ಒಂದು ಮಾತು. ಗುತ್ತಿಗೆಯನ್ನು ನವೀಕರಿಸಿಕೊಡಲೇಬೇಕು ಎನ್ನುವುದು ಬೇರೆಯೇ ಮಾತು. ಹೊಸ ರಿಟ್ ಹಾಕುವ ಅವಕಾಶ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಸುಲಭವೆಂದು ಕಂಡ ಬಾಗಿಲು ತಟ್ಟಿದ್ದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಕೇಳಿದ ವಿಸ್ತರಣೆಯ ಅವಧಿಯಲ್ಲಿ ತೀರ್ಪಿನ ದಿನ ಉಳಿದಿದ್ದದ್ದು ನಾಲ್ಕು ತಿಂಗಳಿಗೂ ಕಡಿಮೆ.

ಈ ತೀರ್ಪಿನ ಬಿಸಿ ಯಾದಗಿರಿಗೂ ತಟ್ಟುವಂಥದ್ದು. ಕಡೇಚೂರಿನಂಥ ಪ್ರದೇಶದಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ನಿವೇಶನ ಪಡೆದ ಕಂಪನಿ ದಿವಾಳಿಯಾದರೆ, ಸ್ವಾಧೀನದಲ್ಲಿರುವ ನಿವೇಶನವನ್ನು ಮೊರಟೋರಿಯಂ ಮುಗಿಯುವ ತನಕ ಮರಳಿ ಪಡೆಯುವುದಕ್ಕೆ 14(1)(ಡಿ) ಅಡ್ಡ ಬರುತ್ತದೆ. ಆದರೆ ಹಂಚಿಕೆಯ ಷರತ್ತು, ಅವಧಿ ವಿಸ್ತರಣೆ, ಪರಿಸರ ಅನುಮತಿಯಂಥ ವಿಷಯದಲ್ಲಿ ಸರ್ಕಾರಿ ಸಂಸ್ಥೆಯ ಆದೇಶ ಪ್ರಶ್ನಿಸುವ ರಿಟ್ ಅರ್ಜಿ ಕಲಬುರಗಿಯಲ್ಲಿ ಬಾಕಿಯಿದ್ದರೆ ಅದನ್ನು ಹಿಂದಕ್ಕೆ ಪಡೆದು ಬೆಂಗಳೂರಿನ ಎನ್‌ಸಿಎಲ್‌ಟಿಗೆ ಹೋಗುವುದು ಸರಿಯಾದ ಹೆಜ್ಜೆಯಲ್ಲ. ಪರವಾನಗಿ, ರಿಯಾಯಿತಿ ಮುಂತಾದವನ್ನು ದಿವಾಳಿಯ ಕಾರಣಕ್ಕಷ್ಟೇ ರದ್ದು ಮಾಡಕೂಡದು, ಚಾಲ್ತಿ ಬಾಕಿ ಕಟ್ಟುತ್ತಿರಬೇಕು ಎಂಬ ವಿವರಣೆಯನ್ನು 2019ರ ಡಿಸೆಂಬರ್ 28ರಿಂದ 14ನೇ ಕಲಮಿಗೆ ಸೇರಿಸಲಾಗಿದೆ. 2021ರ ಮಾರ್ಚ್‌ನಲ್ಲಿ ಗುಜರಾತ್ ಊರ್ಜಾ ವಿಕಾಸ್ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಿವಾಳಿಯೊಂದನ್ನೇ ಕಾರಣ ಮಾಡಿ ವಿದ್ಯುತ್ ಖರೀದಿ ಕರಾರು ಮುರಿದಾಗ ಎನ್‌ಸಿಎಲ್‌ಟಿ ನಡುವೆ ಬರಬಹುದೆಂದಿತು. ಕಾರಣ ದಿವಾಳಿಯೇ ಆಗಿದ್ದರೆ ಎನ್‌ಸಿಎಲ್‌ಟಿ, ಬೇರೆ ಕಾನೂನಿನಿಂದ ಹುಟ್ಟಿದ್ದರೆ ಆ ಕಾನೂನಿನ ವೇದಿಕೆ ಎಂಬಲ್ಲಿಗೆ ಗಡಿರೇಖೆ ಬಂದು ನಿಂತಿದೆ.

ಖಾಸಗಿ ಬಾಕಿಯ ದಾವೆಗಳಲ್ಲಿ ಮೊದಲು ನೋಡಬೇಕಾದದ್ದು ಕೆಳಗಿನ ನ್ಯಾಯಾಲಯದಲ್ಲಿ ಗೆದ್ದವರು ಯಾರು ಎಂಬುದನ್ನು. ಸುರಪುರದ ವ್ಯಾಪಾರಿಯೊಬ್ಬ ಯಾದಗಿರಿಯಲ್ಲಿ ಸೋತು ಕಲಬುರಗಿಗೆ ಮೇಲ್ಮನವಿ ಹಾಕಿದ್ದಾನೆ ಎಂದು ಇಟ್ಟುಕೊಳ್ಳೋಣ. ಅವನು ಮೇಲ್ಮನವಿಯನ್ನು ಹಿಂದಕ್ಕೆ ಪಡೆದರೆ ದಾವೆ ವಜಾ ಮಾಡಿದ ಕೆಳಗಿನ ಡಿಕ್ರಿ ಅಂತಿಮವಾಗುತ್ತದೆ. ಬಾಕಿಯೇ ಇಲ್ಲವೆಂದು ನ್ಯಾಯಾಲಯ ತೀರ್ಮಾನಿಸಿದ ಮೇಲೆ ಆರ್‌ಪಿ ತಮ್ಮ ಮುಂದೆ ಸಲ್ಲಿಸಿದ ಬಾಕಿಯ ಕ್ಲೇಮನ್ನು ಒಪ್ಪುವುದು ಯಾವ ಆಧಾರದ ಮೇಲೆ? ಇಲ್ಲಿ ಹಿಂತೆಗೆತ ಆತ್ಮಘಾತುಕವೇ ಸರಿ. ಮೇಲ್ಮನವಿಯನ್ನು ಹಾಗೆಯೇ ಉಳಿಸಿಕೊಂಡು, ತೀರ್ಪಿಗೆ ಒಳಪಟ್ಟ ಕ್ಲೇಮ್ ಎಂದು ಆರ್‌ಪಿಗೆ ಸಲ್ಲಿಸುವುದು ಸುರಕ್ಷಿತ. ಅದೇ ವ್ಯಾಪಾರಿ ಕೆಳಗೆ ಗೆದ್ದು, ಬಡ್ಡಿ ಸಾಲದೆಂದು ಮಾತ್ರ ಮೇಲ್ಮನವಿ ಹೋಗಿದ್ದರೆ ಲೆಕ್ಕ ಬೇರೆ. ಅಸಲು ಮತ್ತು ಸಿಕ್ಕ ಬಡ್ಡಿ ಡಿಕ್ರಿಯಲ್ಲಿ ಭದ್ರವಾಗಿವೆ; ಹೆಚ್ಚುವರಿ ಬಡ್ಡಿಗಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಮೇಲ್ಮನವಿ ಬಿಟ್ಟು ಡಿಕ್ರಿಯ ಮೊತ್ತಕ್ಕೆ ಕ್ಲೇಮ್ ಹಾಕುವುದು ಲೇಸಾಗಬಹುದು. ಇನ್ನು ಕಂಪನಿಯೇ ಸೋತು ಮೇಲ್ಮನವಿ ಹೋಗಿದ್ದರೆ, ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಆರ್‌ಪಿಯದು.

'ಹಕ್ಕನ್ನು ಕಾಯ್ದಿರಿಸಿ' ಎಂಬ ಮಾತಿಗೂ ಮಿತಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 1ನೇ ನಿಯಮದ ಪ್ರಕಾರ ದಾವೆಯನ್ನು ಹಿಂದಕ್ಕೆ ಪಡೆದು ಅದೇ ವಿಷಯಕ್ಕೆ ಮತ್ತೆ ದಾವೆ ಹೂಡಲು ನ್ಯಾಯಾಲಯದ ಅನುಮತಿ ಬೇಕು. ತಾಂತ್ರಿಕ ದೋಷ ಅಥವಾ ಸಾಕಷ್ಟು ಕಾರಣ ತೋರಿಸದೆ ಆ ಅನುಮತಿ ಸಿಗದು. ಅನುಮತಿ ಸಿಕ್ಕರೂ ಕಾಲಮಿತಿಯ ಲೆಕ್ಕ ಮೊದಲ ದಾವೆ ಹೂಡೇ ಇರಲಿಲ್ಲ ಎಂಬಂತೆ ನಡೆಯುತ್ತದೆ ಎಂದು 2ನೇ ನಿಯಮ ಹೇಳುತ್ತದೆ. ಅನುಮತಿ ಕೇಳದೆ ರಿಟ್ ಅರ್ಜಿ ಹಿಂದಕ್ಕೆ ಪಡೆದವರು ಅದೇ ಕಾರಣಕ್ಕೆ ಹೈಕೋರ್ಟಿನಲ್ಲಿ ಮತ್ತೊಂದು ರಿಟ್ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಸರ್ಗುಜಾ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ 1986ರಲ್ಲೇ ತೀರ್ಮಾನಿಸಿದೆ. ಮುಖ್ಯವಾದ ಇನ್ನೊಂದು ಮಾತು: ನ್ಯಾಯಾಲಯ ಕಾಯ್ದಿರಿಸಿಕೊಡುವುದು ಕೇಳುವ ಅವಕಾಶವನ್ನು ಮಾತ್ರ. ಎನ್‌ಸಿಎಲ್‌ಟಿಗೆ ಇಲ್ಲದ ಅಧಿಕಾರ ಆ ಒಂದು ಸಾಲಿನಿಂದ ಹುಟ್ಟುವುದಿಲ್ಲ, ಮುಗಿದ ಗಡುವು ಮರಳುವುದಿಲ್ಲ.

ಗಡುವೇ ಬಹಳ ಜನರನ್ನು ಕೆಡಿಸಿರುವುದು. ಮಧ್ಯಂತರ ಆರ್‌ಪಿ ನೇಮಕವಾದ 14 ದಿನದೊಳಗೆ ಕ್ಲೇಮ್ ಸಲ್ಲಿಸಬೇಕೆಂದು ಸಾರ್ವಜನಿಕ ಪ್ರಕಟಣೆ ಕೇಳುತ್ತದೆ. ತಡವಾದವರಿಗೆ ಹಿಂದೆ ದಿವಾಳಿ ಆರಂಭದಿಂದ 90 ದಿನದ ತನಕ ಅವಕಾಶವಿತ್ತು. 2023ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಕಂಪನಿಯನ್ನು ಉಳಿಸುವ ಪರಿಹಾರ ಯೋಜನೆಗಳನ್ನು ಆಹ್ವಾನಿಸುವ ದಿನ ಅಥವಾ 90 ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ವ್ಯಾಪಾರಿ, ಗುತ್ತಿಗೆದಾರ, ಕಬ್ಬು ಬೆಳೆಗಾರರಿಗೆ 'ಬಿ' ನಮೂನೆ, ಬ್ಯಾಂಕಿಗೆ 'ಸಿ', ಕಾರ್ಮಿಕರಿಗೆ 'ಡಿ', ಉಳಿದವರಿಗೆ 'ಎಫ್'. ಅಂಚೆಯಲ್ಲಿ ಅಥವಾ ಇಮೇಲ್‌ನಲ್ಲಿ ಕಳಿಸಿದರೆ ಸಾಕು, ಪ್ರಯಾಣ ಬೇಕಿಲ್ಲ. ತೊಂದರೆ ಇರುವುದು ಪ್ರಕಟಣೆಯಲ್ಲಿ. ಕಂಪನಿಯ ನೋಂದಾಯಿತ ಕಚೇರಿ ಮತ್ತು ಪ್ರಧಾನ ಕಚೇರಿ ಇರುವ ಕಡೆ ಹೆಚ್ಚು ಪ್ರಸಾರವಿರುವ ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಅದು ಬರಬೇಕು. ಗಣನೀಯ ವ್ಯವಹಾರವಿರುವ ಬೇರೆ ಸ್ಥಳದಲ್ಲೂ ಬರಬೇಕೆಂದಿದ್ದರೂ ಆ ಸ್ಥಳ ಯಾವುದೆಂಬ ತೀರ್ಮಾನ ಆರ್‌ಪಿಯ ಅಭಿಪ್ರಾಯಕ್ಕೆ ಬಿಟ್ಟದ್ದು. ಮುಂಬೈ ಕಂಪನಿಯ ಪ್ರಕಟಣೆ ಮರಾಠಿ ಪತ್ರಿಕೆಯಲ್ಲಿ ಬಂದರೆ ಶಹಾಪುರದ ಅಡತಿ ವ್ಯಾಪಾರಿಗೆ ಅದು ಕಾಣುವುದು ಹೇಗೆ? ಈ ಅನ್ಯಾಯವನ್ನು ಸರಿಪಡಿಸುವುದು ಕಷ್ಟದ ಕೆಲಸವೇನಲ್ಲ. ಕಂಪನಿಯ ವಿರುದ್ಧ ಬಾಕಿಯಿರುವ ದಾವೆಗಳ ಪಟ್ಟಿ ಅದರ ಕಡತದಲ್ಲೇ ಇರುತ್ತದೆ. ಅಂಥ ಪ್ರತಿ ಕಕ್ಷಿದಾರನಿಗೂ ನೇರ ನೋಟಿಸ್ ಕಳಿಸುವುದನ್ನು ಕಡ್ಡಾಯ ಮಾಡಿದರೆ ಸಾಕು.

ಆದರೆ ಕಾನೂನು ಸದ್ಯಕ್ಕೆ ಕಠಿಣವಾಗಿಯೇ ಇದೆ. ಆರ್‌ಪಿಎಸ್ ಇನ್‌ಫ್ರಾಸ್ಟ್ರಕ್ಚರ್ ಎಂಬ ಸಂಸ್ಥೆಗೆ ಕೆಎಸ್‌ಟಿ ಇನ್‌ಫ್ರಾಸ್ಟ್ರಕ್ಚರ್ ವಿರುದ್ಧ 2016ರಲ್ಲಿ ಮಧ್ಯಸ್ಥಿಕೆ ತೀರ್ಪು ಸಿಕ್ಕಿತ್ತು. ಅದರ ಮೇಲಿನ ಮೇಲ್ಮನವಿ ಹೈಕೋರ್ಟಿನಲ್ಲಿತ್ತು. ಆ ನಡುವೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಂಸ್ಥೆಯ ಕ್ಲೇಮ್ 287 ದಿನ ತಡವಾಯಿತು. ಪತ್ರಿಕಾ ಪ್ರಕಟಣೆಯೇ ಎಲ್ಲರಿಗೂ ಸೂಚನೆ ಕೊಟ್ಟಂತೆ, ಸಾಲದಾತರ ಸಮಿತಿ ಯೋಜನೆಯನ್ನು ಒಪ್ಪಿಯಾದ ಮೇಲೆ ಹೊಸ ಕ್ಲೇಮುಗಳಿಗೆ ಬಾಗಿಲು ತೆರೆಯಲಾಗದು ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 11ರಂದು ಹೇಳಿತು. ಯೋಜನೆಯಲ್ಲಿ ಸೇರದ ಬಾಕಿಗಳೆಲ್ಲ ಅನುಮೋದನೆಯ ದಿನ ಅಳಿದುಹೋಗುತ್ತವೆ ಎಂಬುದು 2021ರ ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ ಆಗಲೇ ಖಚಿತವಾಗಿತ್ತು; ಸರ್ಕಾರದ ತೆರಿಗೆ ಬಾಕಿಗೂ ಅದೇ ಗತಿ. ಮೇಲ್ಮನವಿ ಬಾಕಿಯಿದೆ ಎಂಬ ಭರವಸೆಯಲ್ಲಿ ಕ್ಲೇಮ್ ಹಾಕದೆ ಕೂರುವಂತಿಲ್ಲ. ಮೇಲ್ಮನವಿ ಹಿಂದಕ್ಕೆ ಪಡೆಯುವ ಮೆಮೊಗಿಂತ ಮೊದಲೇ ಕ್ಲೇಮ್ ನಮೂನೆ ಆರ್‌ಪಿಯ ಕೈ ಸೇರಿರಬೇಕು. ಮೇಲ್ಮನವಿ, ಕ್ಲೇಮ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೊತ್ತ ಖಚಿತವಿಲ್ಲದ ಕ್ಲೇಮನ್ನು ಆರ್‌ಪಿ ಅಂದಾಜು ಮಾಡಬೇಕೆಂದು ನಿಯಮವಿದೆ. ಆದರೆ ವಿವಾದದಲ್ಲಿರುವ ಕ್ಲೇಮುಗಳನ್ನು ಒಂದು ರೂಪಾಯಿಯ ಸಾಂಕೇತಿಕ ಮೊತ್ತಕ್ಕೆ ದಾಖಲಿಸಿದ್ದನ್ನು ಸುಪ್ರೀಂ ಕೋರ್ಟ್ 2019ರ ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ ಎತ್ತಿಹಿಡಿದದ್ದೂ ಉಂಟು. ಆರ್‌ಪಿ ಕ್ಲೇಮ್ ತಿರಸ್ಕರಿಸಿದರೆ ಎನ್‌ಸಿಎಲ್‌ಟಿಗೆ ಅರ್ಜಿ ಹಾಕಬೇಕು.

ವಿವಾದ ಜೀವಂತವಿರುವಾಗ ದಿವಾಳಿ ಅರ್ಜಿಯನ್ನು ಹೊಸದಾಗಿ ಹಾಕಲು ಹೊರಡುವ ವ್ಯವಹಾರ ಸಾಲದಾತರಿಗೆ ಬೇರೆ ಅಡ್ಡಿಗಳಿವೆ. 2020ರ ಮಾರ್ಚ್ 24ರಿಂದ ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು. ಮಧ್ಯಸ್ಥಿಕೆ ತೀರ್ಪಿನ ಮೇಲೆ ಸವಾಲು ಬಾಕಿಯಿದ್ದರೆ ಅದು ಮೊದಲೇ ಇದ್ದ ವಿವಾದವೆಂದು 2018ರ ಕೆ. ಕಿಶನ್ ಪ್ರಕರಣ ಹೇಳಿದೆ. ಬ್ಯಾಂಕುಗಳ ದಾರಿ ಹೆಚ್ಚು ಸಲೀಸು. ಕರ್ನಾಟಕದ ಕಾವೇರಿ ಟೆಲಿಕಾಂ ಇನ್‌ಫ್ರಾಸ್ಟ್ರಕ್ಚರ್ ವಿರುದ್ಧ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಿಂದ ದೇನಾ ಬ್ಯಾಂಕ್ 2017ರಲ್ಲಿ ವಸೂಲಿ ಪ್ರಮಾಣಪತ್ರ ಪಡೆದು, 2018ರಲ್ಲಿ ಬೆಂಗಳೂರು ಎನ್‌ಸಿಎಲ್‌ಟಿಗೆ ಹೋಯಿತು. ಸಾಲ 2013ರಲ್ಲೇ ಕೆಟ್ಟಿದ್ದರಿಂದ ಕಾಲಮಿತಿ ಮುಗಿದಿದೆ ಎಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2021ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ವಸೂಲಿ ಪ್ರಮಾಣಪತ್ರದಿಂದ ಹೊಸ ಕಾಲಮಿತಿ ಶುರುವಾಗುತ್ತದೆ ಎಂದಿತು.

ದಿವಾಳಿ ಅರ್ಜಿಯನ್ನೇ ಹಿಂದಕ್ಕೆ ಪಡೆಯುವುದು ಇದರ ಮತ್ತೊಂದು ಮುಖ. 2018ರ ಜೂನ್ 6ರಿಂದ ಜಾರಿಯಾದ 12ಎ ಕಲಮಿನಡಿ ಅದಕ್ಕೆ ಸಾಲದಾತರ ಸಮಿತಿಯ ಶೇ. 90 ಮತ ಬೇಕು. ಬೆಂಗಳೂರಿನ ಬೈಜೂಸ್ ವಿರುದ್ಧ ಕ್ರಿಕೆಟ್ ನಿಯಂತ್ರಣ ಮಂಡಳಿ ಹಾಕಿದ 158.9 ಕೋಟಿ ರೂಪಾಯಿಯ ಅರ್ಜಿಯನ್ನು ಬೆಂಗಳೂರು ಎನ್‌ಸಿಎಲ್‌ಟಿ 2024ರ ಜುಲೈ 16ರಂದು ಅಂಗೀಕರಿಸಿತು. ಆಗಸ್ಟ್ 2ರಂದು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿ ರಾಜಿಯನ್ನು ಒಪ್ಪಿ ಪ್ರಕ್ರಿಯೆ ಮುಗಿಸಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಿಗದಿಯಾದ ಕ್ರಮ ಇರುವಾಗ ಮೇಲ್ಮನವಿ ಮಂಡಳಿ ತನ್ನ ಅಂತರ್ಗತ ಅಧಿಕಾರದ ಹೆಸರಿನಲ್ಲಿ ಅದನ್ನು ದಾಟುವಂತಿಲ್ಲ, ಹಿಂತೆಗೆತದ ಅರ್ಜಿ ಆರ್‌ಪಿಯ ಮೂಲಕ ಎನ್‌ಸಿಎಲ್‌ಟಿಗೇ ಬರಬೇಕು ಎಂಬುದು ಅದರ ಸಾರ. ಒಬ್ಬ ಸಾಲದಾತನ ಹಣ ತೀರಿಸಿ ಉಳಿದವರನ್ನು ಹೊರಗಿಡುವುದನ್ನು ಇದು ತಡೆಯುತ್ತದೆ. ಹಿಂತೆಗೆತಕ್ಕೆ ಇನ್ನೂ ಬಿಗಿಯಾದ ಕಾಲಚೌಕಟ್ಟು ಹಾಕುವ ತಿದ್ದುಪಡಿ ಮಸೂದೆ 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು.

ಕೆಲವು ಪ್ರಕರಣಗಳನ್ನು ಹಿಂದಕ್ಕೆ ಪಡೆಯುವ ಅಗತ್ಯವೇ ಇರುವುದಿಲ್ಲ. ಚೆಕ್ ಬೌನ್ಸ್ ಪ್ರಕರಣ ಕಂಪನಿಯ ಮಟ್ಟಿಗೆ ನಿಂತರೂ, ಸಹಿ ಹಾಕಿದ ನಿರ್ದೇಶಕರ ವಿರುದ್ಧ ಮುಂದುವರಿಯುತ್ತದೆ ಎಂದು 2021ರ ಪಿ. ಮೋಹನರಾಜ್ ತೀರ್ಪು ಹೇಳಿದೆ. ಪರಿಹಾರ ಯೋಜನೆ ಒಪ್ಪಿಗೆಯಾದರೂ ಅವರು ಪಾರಾಗುವುದಿಲ್ಲವೆಂದು 2023ರಲ್ಲಿ ಮತ್ತೆ ಸ್ಪಷ್ಟವಾಯಿತು. ಸುರಪುರ, ಶಹಾಪುರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಇಂಥ ದೂರು ಇರುವವರಿಗೆ ಬಹಳ ಸಲ ಉಳಿಯುವ ಒತ್ತಡದ ಸಾಧನ ಇದೊಂದೇ. ಜಾಮೀನುದಾರರ ಮೇಲಿನ ದಾವೆಗೂ ಕಂಪನಿಯ ಮೊರಟೋರಿಯಂ ಅಡ್ಡಿಯಲ್ಲ ಎಂಬುದು 2018ರ ವಿ. ರಾಮಕೃಷ್ಣನ್ ತೀರ್ಪು. ಕಾರ್ಮಿಕರ ಭವಿಷ್ಯನಿಧಿ, ಗ್ರಾಚ್ಯುಟಿ ನಿಧಿಗಳು 36(4)ನೇ ಕಲಮಿನಂತೆ ಸಮಾಪನೆಯ (ಲಿಕ್ವಿಡೇಷನ್) ಆಸ್ತಿಗೆ ಸೇರುವುದಿಲ್ಲ. ಅವುಗಳ ಹಕ್ಕನ್ನು ಸಾಮಾನ್ಯ ಕ್ಲೇಮಿನ ಜೊತೆ ಬೆರೆಸಿ ಬಿಟ್ಟುಕೊಡಬಾರದು.

ಕ್ಲೇಮ್ ಒಪ್ಪಿಗೆಯಾದರೆ ಪೂರ್ತಿ ಹಣ ಬಂತೆಂದು ಅರ್ಥವಲ್ಲ. ವ್ಯವಹಾರ ಸಾಲದಾತರಿಗೆ 30(2)ನೇ ಕಲಮು ಭರವಸೆ ಕೊಡುವುದು, ಕಂಪನಿಯನ್ನು ಸಮಾಪನೆ ಮಾಡಿದ್ದರೆ ಅಥವಾ ಯೋಜನೆಯ ಹಣವನ್ನು 53ನೇ ಕಲಮಿನ ಆದ್ಯತೆಯ ಕ್ರಮದಲ್ಲಿ ಹಂಚಿದ್ದರೆ ಎಷ್ಟು ಸಿಗುತ್ತಿತ್ತೋ, ಅದರಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದಷ್ಟು. ಆಸ್ತಿಯ ಮೌಲ್ಯ ಭದ್ರತೆಯುಳ್ಳ ಬ್ಯಾಂಕುಗಳಿಗೇ ಸಾಲದಿದ್ದಾಗ ಅದು ಸೊನ್ನೆಯೂ ಆಗಬಹುದು. ಕಂಪನಿ ಸಮಾಪನೆಗೆ ಹೋದರೆ ಲಿಕ್ವಿಡೇಟರ್ ಮುಂದೆ ಹೊಸದಾಗಿ ಕ್ಲೇಮ್ ಸಲ್ಲಿಸಬೇಕಾಗಬಹುದು. ಅವರು ತಿರಸ್ಕರಿಸಿದರೆ 42ನೇ ಕಲಮಿನಡಿ 14 ದಿನದೊಳಗೆ ಎನ್‌ಸಿಎಲ್‌ಟಿಗೆ ಹೋಗಬೇಕು. ಎನ್‌ಸಿಎಲ್‌ಟಿ ಆದೇಶದ ಮೇಲೆ ಚೆನ್ನೈಗೆ ಹೋಗಲು 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನು 15 ದಿನ. ಅದರಾಚೆ ಒಂದು ದಿನವೂ ಇಲ್ಲ. ಅವಧಿಯ ಲೆಕ್ಕ ಆದೇಶದ ಪ್ರತಿ ಕೈಗೆ ಬಂದ ದಿನದಿಂದಲ್ಲ, ಆದೇಶ ಪ್ರಕಟವಾದ ದಿನದಿಂದ ಎಂದು 2021ರ ವಿ. ನಾಗರಾಜನ್ ತೀರ್ಪು ಹೇಳಿದೆ. ಪ್ರತಿಗೆ ಅರ್ಜಿ ಹಾಕಿದ್ದರೆ ಅದು ಸಿದ್ಧವಾಗಲು ಹಿಡಿದ ದಿನಗಳನ್ನಷ್ಟೇ ಕಳೆಯಬಹುದು. ಮೊರಟೋರಿಯಂ ಜಾರಿಯಲ್ಲಿದ್ದ ಅವಧಿಯನ್ನು ಮಾತ್ರ 60(6)ನೇ ಕಲಮಿನಂತೆ ದಾವೆಯ ಕಾಲಮಿತಿಯಿಂದ ಬಿಡಬೇಕು. ಹಾಗಾಗಿ ದಿವಾಳಿ ಅರ್ಜಿ ರಾಜಿಯಲ್ಲಿ ಮುಗಿದು ಕಂಪನಿ ಮತ್ತೆ ತನ್ನ ಕಾಲ ಮೇಲೆ ನಿಂತರೆ, ಮೇಲ್ಮನವಿಯನ್ನು ಹಿಂದಕ್ಕೆ ಪಡೆಯದೆ ಉಳಿಸಿಕೊಂಡವರು ಕಲಬುರಗಿಯಲ್ಲಿ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬಹುದು.